ಮಾತ್ರೆ ನಿಲ್ಲಿಸುವ ಮುಂಚೆ ಒಂದು ನೋಟ್‌ಬುಕ್ ತನ್ನಿ

ಸ್ಕಿಜೋಫ್ರೇನಿಯಾ, ಬೈಪೋಲಾರ್, ಸೈಕೋಸಿಸ್ ಅಂತ ಡಾಕ್ಟರು ಹೇಳುವ ಮಾನಸಿಕ ಕಾಯಿಲೆಗಳಿಗೆ ಮಾತ್ರೆ ಶುರುವಾದ ಮೇಲೆ ಮನೆಯವರಿಗೆ ಎರಡೇ ದಾರಿ ಕಾಣುತ್ತದೆ. ಏನೇ ತೊಂದರೆ ಆದರೂ ಸುಮ್ನೆ ನುಂಗಿಸುತ್ತಾ ಹೋಗುವುದು. ಇಲ್ಲವೇ ಒಂದು ದಿನ ಬೇಸತ್ತು ಪೂರ್ತಿ ನಿಲ್ಲಿಸಿಬಿಡುವುದು. ನಡುವೆ ಇನ್ನೊಂದು ದಾರಿಯಿದೆ. ಆಗುತ್ತಿರುವ ತೊಂದರೆಯನ್ನು ಬರೆದಿಟ್ಟುಕೊಂಡು, ಡಾಕ್ಟರಿಗೆ ಸರಿಯಾಗಿ ಹೇಳಿ, ಡೋಸನ್ನೋ ಮಾತ್ರೆಯನ್ನೋ ಬದಲಾಯಿಸಿಕೊಳ್ಳುವುದು. ಈ ಬರಹ ಅದರ ಬಗ್ಗೆ.

ನನ್ನ ತಮ್ಮ ವರ್ಷಗಳಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ನಾನು ಡಾಕ್ಟರಲ್ಲ. ಅವನ ಜೊತೆ ಓಪಿಡಿಗೆ ಓಡಾಡಿ, ಬೆಂಚಿನ ಮೇಲೆ ಕಾಯುವಾಗ ಮಳವಳ್ಳಿ, ಹುಣಸೂರು, ಪಾಂಡವಪುರದಿಂದ ಬಂದ ಮನೆಯವರ ಜೊತೆ ಮಾತಾಡಿ, ಡಾಕ್ಟರು, ನರ್ಸುಗಳನ್ನು ಕೇಳಿ ಕೇಳಿ ತಿಳಿದುಕೊಂಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಚೀಟಿ ಓದಿ

ಮೆಡಿಕಲ್ ಸ್ಟೋರಿನಲ್ಲಿ ಮಾತ್ರೆ ಕೊಂಡ ತಕ್ಷಣ ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಮಾತ್ರೆ ಪಟ್ಟಿಯನ್ನೂ (ಸ್ಟ್ರಿಪ್) ನೋಡಿ. 1-0-1 ಅಂದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. 0-0-1 ಅಂದರೆ ರಾತ್ರಿ ಮಾತ್ರ. ಪಟ್ಟಿಯ ಮೇಲೆ ಕಂಪನಿ ಇಟ್ಟ ಹೆಸರಿರುತ್ತದೆ. ನಿಮಗೆ ಬೇಕಾಗಿದ್ದು ಅದರ ಹತ್ತಿರವೇ ಇರುವ ಔಷಧಿಯ ಹೆಸರು: ಓಲಾಂಜಪಿನ್, ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್, ಕ್ವೆಟಿಯಾಪಿನ್, ಅರಿಪಿಪ್ರಜೋಲ್, ಅಮಿಸಲ್‌ಪ್ರೈಡ್, ಕ್ಲೋಜಪಿನ್, ಇಂಥದ್ದು. ಜೊತೆಗೆ ಎಷ್ಟು ಮಿಲಿಗ್ರಾಂ ಅಂತಲೂ ಬರೆದುಕೊಳ್ಳಿ. ಕಂಪನಿ ಬದಲಾದರೆ ಮಾತ್ರೆಯ ಬಣ್ಣ, ಗಾತ್ರ ಬದಲಾಗುತ್ತದೆ. ಔಷಧಿಯ ಹೆಸರು ಗೊತ್ತಿದ್ದರೆ ಆಗ ಗಾಬರಿಯಾಗಬೇಕಿಲ್ಲ. ಒಂದೇ ಔಷಧಿಯನ್ನು ಎರಡು ಹೆಸರಲ್ಲಿ ಎರಡು ಸಲ ಕೊಡುವ ಎಡವಟ್ಟೂ ತಪ್ಪುತ್ತದೆ.

ಆಮೇಲೆ ಪ್ರತಿ ಮಾತ್ರೆಗೂ 'ಇದು ಯಾತಕ್ಕೆ?' ಅಂತ ಕೇಳಿ. ತುಂಬಾ ಚೀಟಿಗಳಲ್ಲಿ ಟ್ರೈಹೆಕ್ಸಿಫೆನಿಡಿಲ್ ಅನ್ನುವ ಸಣ್ಣ ಮಾತ್ರೆ ಇರುತ್ತದೆ. ಅದು ಕಾಯಿಲೆಗಲ್ಲ. ಉಳಿದ ಮಾತ್ರೆಗಳಿಂದ ಬರುವ ಕೈಕಾಲು ಬಿಗಿತ, ನಡುಕ ತಡೆಯುವುದಕ್ಕೆ ಕೊಡುವಂಥದ್ದು. ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು, ವಯಸ್ಸಾದವರಲ್ಲಿ ಮರೆವು, ಇವು ಇದರಿಂದಲೂ ಬರುತ್ತವೆ. 'ಇದು ಈಗಲೂ ಬೇಕಾ ಡಾಕ್ಟ್ರೇ?' ಅಂತ ಆಗಾಗ ಕೇಳುವುದು ತಪ್ಪೇನಲ್ಲ.

ಎಲ್ಲವನ್ನೂ 'ನಿದ್ದೆ ಮಾತ್ರೆ' ಅಂತ ಕರೆಯುವುದನ್ನು ಮಾತ್ರ ದಯವಿಟ್ಟು ಬಿಡಿ. ನಿದ್ದೆ ಬಂದರೆ ಸಾಕು ಅನ್ನಿಸಿ, ನಿದ್ದೆ ಸರಿಯಾದ ವಾರವೇ ಮಾತ್ರೆ ನಿಲ್ಲಿಸಿದ ಮನೆಗಳಿವೆ. ನಿದ್ದೆ ಕೆಲವೇ ದಿನಗಳಲ್ಲಿ ಸುಧಾರಿಸುತ್ತದೆ. ಕಿವಿಯಲ್ಲಿ ಮಾತು ಕೇಳಿಸುವುದು, ಎಲ್ಲರ ಮೇಲೂ ಅನುಮಾನ ಬರುವುದು ತಗ್ಗಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು

ನೂರು ಪುಟದ ಸಾದಾ ನೋಟ್‌ಬುಕ್ ಸಾಕು. ಮೊದಲ ಪುಟದಲ್ಲಿ ಮಾತ್ರೆಗಳ ಹೆಸರು, ಮಿಲಿಗ್ರಾಂ, ಶುರುವಾದ ತಾರೀಕು. ಹಿಂದೆ ಕೊಟ್ಟು ನಿಲ್ಲಿಸಿದ ಮಾತ್ರೆಗಳಿದ್ದರೆ ಅವು, ಯಾಕೆ ನಿಲ್ಲಿಸಿದರು ಅನ್ನುವುದೂ ಇರಲಿ. ದಿನಕ್ಕೆ ಎರಡು ಸಾಲು ಬರೆದರೆ ಸಾಕು: ಎಷ್ಟು ಗಂಟೆ ನಿದ್ದೆ, ಮಾತ್ರೆ ತೆಗೆದುಕೊಂಡದ್ದು ಹೌದೋ ಇಲ್ಲವೋ, ಮೈಗೆ ಏನಾಯ್ತು. ಭಾನುವಾರ ತೂಕ.

ಒಂದು ದಿನದ ಸಾಲು ಹೀಗಿರಬಹುದು: 'ಮಂಗಳವಾರ. ರಾತ್ರಿ 10ಕ್ಕೆ ಮಲಗಿದ, ಬೆಳಿಗ್ಗೆ 9ಕ್ಕೂ ಏಳಲಾಗಲಿಲ್ಲ. ಮಧ್ಯಾಹ್ನದ ತನಕ ಮಂಕು. ಜೊಲ್ಲು ಸುರಿದು ದಿಂಬು ಒದ್ದೆ. ಕಕ್ಕಸಿಗೆ ಹೋಗಿ ಮೂರು ದಿನ ಆಯ್ತಂತೆ.' ಇಷ್ಟು ಓದಿದರೆ ಡಾಕ್ಟರಿಗೆ ಎಷ್ಟೋ ವಿಷಯ ತಿಳಿಯುತ್ತದೆ. 'ಪರವಾಗಿಲ್ಲ ಸಾರ್, ಸ್ವಲ್ಪ ಸುಸ್ತು' ಅಂದರೆ ಏನೂ ತಿಳಿಯುವುದಿಲ್ಲ.

ಸಾಧ್ಯವಾದರೆ ಬರೆಯುವ ಕೆಲಸ ಮಾತ್ರೆ ತೆಗೆದುಕೊಳ್ಳುವವರದ್ದೇ ಆಗಿರಲಿ. ಅವರ ಮೈಯೊಳಗೆ ಆಗುತ್ತಿರುವುದು ಅವರಿಗೆ ಮಾತ್ರ ಗೊತ್ತು. ಬರೆಯಲು ಮನಸ್ಸಿಲ್ಲದಿದ್ದರೆ ಅವರು ಹೇಳಿದ ಮಾತನ್ನು ಹಾಗೆಯೇ ಬರೆದುಕೊಳ್ಳಿ, ನಿಮ್ಮ ಮಾತಿಗೆ ಬದಲಾಯಿಸಬೇಡಿ.

ಮೊದಲ ವಾರಗಳಲ್ಲಿ: ಕೂರಲಾಗದ ತಳಮಳ

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮನೆಯವರು ಅತಿ ಹೆಚ್ಚು ತಪ್ಪು ತಿಳಿಯುವ ಅಡ್ಡಪರಿಣಾಮ ಇದೇ ಅಂತ ನನ್ನ ಅಭಿಪ್ರಾಯ.

ಹೊಸ ಮಾತ್ರೆ ಶುರುವಾಗಿ, ಅಥವಾ ಪವರ್ ಜಾಸ್ತಿಯಾಗಿ ಕೆಲವು ದಿನವೋ ವಾರವೋ ಆಗಿರುತ್ತದೆ. ಹುಡುಗ ಜಗುಲಿ ಮೇಲೆ ಕೂರುತ್ತಾನೆ, ಏಳುತ್ತಾನೆ. ಊಟಕ್ಕೆ ಕೂತರೆ ಅರ್ಧ ಮುದ್ದೆ ತಟ್ಟೆಯಲ್ಲೇ ಬಿಟ್ಟು ಬಾಗಿಲ ತನಕ ಹೋಗಿ ಬರುತ್ತಾನೆ. ನಿಂತರೆ ಭಾರವನ್ನು ಈ ಕಾಲಿಗೊಮ್ಮೆ ಆ ಕಾಲಿಗೊಮ್ಮೆ ಹಾಕುತ್ತಾನೆ. ಮಂಡ್ಯದಿಂದ ಮೈಸೂರಿಗೆ ಹೊರಟ ಬಸ್ಸಿನಲ್ಲಿ ಕೂರಲಾಗದೆ ಶ್ರೀರಂಗಪಟ್ಟಣದಲ್ಲೇ ಇಳಿಯೋಣ ಅನ್ನುತ್ತಾನೆ. ನನ್ನ ತಮ್ಮ ಹೇಳಿದ್ದು ಹೀಗೆ: 'ಕೂರಕ್ಕಾಯ್ತಿಲ್ಲ ಕಣಕ್ಕ. ಮಲಗಿದ್ರೂ ಯಾರೋ ಒಳಗಿಂದ ಎಬ್ಬಿಸಿದಂಗಾಯ್ತದೆ.'

ಇದನ್ನು ನೋಡಿದ ಮನೆಯವರು 'ಕಾಯಿಲೆ ಮತ್ತೆ ಕೆರಳಿತು' ಅಂದುಕೊಳ್ಳುತ್ತಾರೆ. ಡಾಕ್ಟರ ಹತ್ತಿರವೂ ಹಾಗೇ ಹೇಳುತ್ತಾರೆ. ಆಗ ಡೋಸ್ ಏರಬಹುದು. ಡೋಸ್ ಏರಿದಂತೆ ತಳಮಳವೂ ಏರುತ್ತದೆ. ಇದನ್ನು ವೈದ್ಯರು ಅಕಥೀಸಿಯಾ ಅನ್ನುತ್ತಾರೆ. ತಡೆಯಲಾಗದಷ್ಟು ಹಿಂಸೆಯದು. ಈ ಹಿಂಸೆಯಲ್ಲಿ ಕೆಲವರಿಗೆ ಸಾಯುವ ಯೋಚನೆ ಬರುವುದೂ ಉಂಟು. ಆದ್ದರಿಂದ ಮುಂದಿನ ತಿಂಗಳ ಓಪಿಡಿ ತನಕ ಕಾಯಬೇಡಿ.

ಕಾಯಿಲೆಯ ಗಾಬರಿಯೋ ಮಾತ್ರೆಯ ತಳಮಳವೋ ಅಂತ ತಿಳಿಯಲು ಅವರನ್ನೇ ಕೇಳಿ. ತಳಮಳ ಕಾಲಿನಲ್ಲಿದೆಯಾ, ತಲೆಯಲ್ಲಿದೆಯಾ? ನಡೆದಾಡಿದರೆ ಸ್ವಲ್ಪ ಹಗುರ ಅನ್ನಿಸುತ್ತಾ? ಯಾವತ್ತಿಂದ ಶುರುವಾಯ್ತು? ನೋಟ್‌ಬುಕ್ಕಿನಲ್ಲಿ ಹೊಸ ಮಾತ್ರೆಯ ತಾರೀಕು ಇದೆಯಲ್ಲ, ಎರಡನ್ನೂ ಅಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ. ಅವರು ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ಪ್ರೊಪ್ರಾನೊಲಾಲ್‌ನಂಥ ಇನ್ನೊಂದು ಮಾತ್ರೆ ಸೇರಿಸಬಹುದು. ಆಸ್ತಮಾ ಇರುವವರು ಅದನ್ನು ಮೊದಲೇ ಹೇಳಬೇಕು, ಪ್ರೊಪ್ರಾನೊಲಾಲ್ ಅವರಿಗೆ ಆಗುವುದಿಲ್ಲ.

ಇನ್ನೊಂದು, ಕತ್ತು ತಿರುಚಿಕೊಳ್ಳುವುದು. ಹ್ಯಾಲೊಪೆರಿಡಾಲ್‌ನಂಥ ಔಷಧಿ ಶುರುವಾದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಹುಡುಗರಲ್ಲಿ, ಇದ್ದಕ್ಕಿದ್ದಂತೆ ಕತ್ತು ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ನಿಲ್ಲುತ್ತದೆ. ನಾಲಿಗೆ ದಪ್ಪವಾಗಿ ಮಾತು ತೊದಲುತ್ತದೆ. ನೋಡಿದವರು ಹೆದರುತ್ತಾರೆ. ಗಾಳಿ ಮೆಟ್ಟಿತು ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋಗುವುದೂ ಆಗಲೇ. ಇದು ಸ್ನಾಯು ಸೆಳೆತ. ಹತ್ತಿರದ ಆಸ್ಪತ್ರೆಯಲ್ಲಿ ಒಂದು ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಬೇಗ ಬಿಡುತ್ತದೆ. ಹೋಗುವಾಗ ಮಾತ್ರೆ ಪಟ್ಟಿ ಕೈಯಲ್ಲಿರಲಿ.

ಒಂದು ಗಂಟೆಯೂ ಕಾಯಬಾರದ್ದು

ಜೋರು ಜ್ವರ, ಮೈಯೆಲ್ಲ ಮರದ ಹಾಗೆ ಬಿಗಿತ, ವಿಪರೀತ ಬೆವರು, ಕರೆದರೆ ಸರಿಯಾಗಿ ಓಗೊಡದಷ್ಟು ಮಂಪರು. ಇವು ಒಟ್ಟಿಗೆ ಬಂದರೆ ಮುಂದಿನ ಡೋಸ್ ಕೊಡದೆ ನೇರ ತುರ್ತು ವಿಭಾಗಕ್ಕೆ ಹೋಗಿ, 108ಕ್ಕೆ ಫೋನ್ ಮಾಡಿ. ಅಪರೂಪಕ್ಕೆ ಬರುವಂಥದ್ದು, ಆದರೆ ಜೀವಕ್ಕೆ ಅಪಾಯ. ಸಾದಾ ವೈರಲ್ ಜ್ವರ ಅಂತ ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಅಲ್ಲಿನ ಡಾಕ್ಟರಿಗೆ 'ಇವರು ಮಾನಸಿಕ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಾರೆ' ಅಂತ ಮೊದಲ ಮಾತಿನಲ್ಲೇ ಹೇಳಿ. ನಾಚಿಕೆಯಿಂದ ಮುಚ್ಚಿಟ್ಟರೆ ಅವರಿಗೆ ಕಾಯಿಲೆ ಗುರುತಿಸುವುದು ಕಷ್ಟ.

ಫಿಟ್ಸ್ ಬಂದರೆ, ಎಚ್ಚರ ತಪ್ಪಿ ಬಿದ್ದರೆ, ಉಸಿರಾಟಕ್ಕೆ ತೊಂದರೆಯಾದರೆ, ಸಾಯುತ್ತೇನೆ ಅಂದರೆ, ಆಗಲೂ ಹಾಗೆಯೇ.

ಒಂದು ಮುದ್ದೆ ಎರಡಾದಾಗ

ಓಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಹಸಿವು ವಿಪರೀತ. ಒಂದು ಮುದ್ದೆ ಉಣ್ಣುತ್ತಿದ್ದವರು ಎರಡು ಉಂಡು, ಗಂಟೆ ಕಳೆಯುವುದರೊಳಗೆ ಅಡುಗೆಮನೆಯ ಡಬ್ಬಿ ತೆಗೆಯುತ್ತಾರೆ. 'ಹೊಟ್ಟೆಬಾಕ' ಅಂತ ಬೈಯುವುದರಿಂದ ಪ್ರಯೋಜನವಿಲ್ಲ. ಹೊಟ್ಟೆ ತುಂಬಿದೆ ಅನ್ನುವುದೇ ಮಿದುಳಿಗೆ ಸರಿಯಾಗಿ ತಿಳಿಯದ ಹಾಗೆ ಔಷಧಿ ಮಾಡುತ್ತದೆ.

ಮಾತ್ರೆ ಶುರುವಾದ ದಿನವೇ ತೂಕ ನೋಡಿ. ಮೊದಲ ಒಂದು ತಿಂಗಳಲ್ಲೇ ನೂರಕ್ಕೆ ಐದರಷ್ಟು, ಅಂದರೆ 60 ಕಿಲೋ ಇದ್ದವರು 63 ಕಿಲೋ ಆದರೆ, ಆಗಲೇ ಡಾಕ್ಟರಿಗೆ ಹೇಳಿ. ಹತ್ತು ಕಿಲೋ ಏರಿದ ಮೇಲೆ ಇಳಿಸುವುದು ತುಂಬಾ ಕಷ್ಟ. ಹೊಟ್ಟೆಯ ಸುತ್ತಳತೆಯನ್ನೂ ಟೇಪಿನಲ್ಲಿ ನೋಡಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ ಬೇಕು. ಬಿಪಿ, ಖಾಲಿ ಹೊಟ್ಟೆಯ ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆ ಶುರುವಿನಲ್ಲೊಮ್ಮೆ, ಮೂರು ತಿಂಗಳಾದ ಮೇಲೊಮ್ಮೆ, ಆಮೇಲೆ ಕನಿಷ್ಠ ವರ್ಷಕ್ಕೊಮ್ಮೆ ಆಗಬೇಕು. ಡಾಕ್ಟರು ಬರೆಯಲು ಮರೆತರೆ ನೀವೇ ನೆನಪಿಸಿ.

ಮನೆಯಲ್ಲಿ ಅವರೊಬ್ಬರಿಗೆ ಪಥ್ಯ, ಉಳಿದವರಿಗೆ ಮೈಸೂರು ಪಾಕು ಅಂದರೆ ನಡೆಯುವುದಿಲ್ಲ. ಮಿಕ್ಸ್ಚರ್, ಬೇಕರಿ ಬನ್ನು ಮನೆಗೇ ತರದಿರುವುದು ಸುಲಭ. ಊಟಕ್ಕೆ ಮುಂಚೆ ಮಜ್ಜಿಗೆ, ಬಸ್ಸಾರಿನ ಸೊಪ್ಪಿನ ಪಲ್ಯ ಜಾಸ್ತಿ, ಮುದ್ದೆ ಒಂದೇ. ಕೂಲ್ ಡ್ರಿಂಕ್ಸ್, ಕಬ್ಬಿನ ಹಾಲು ದಿನಾ ಬೇಡ. ಬೆಲ್ಲದಿಂದ ಸಕ್ಕರೆ ಕಾಯಿಲೆ ಬರಲ್ಲ ಅನ್ನುವ ಮಾತನ್ನು ನಮ್ಮ ಮಂಡ್ಯದವರು ತುಂಬಾ ಪ್ರೀತಿಯಿಂದ ನಂಬುತ್ತಾರೆ. ಬೆಲ್ಲವೂ ಸಕ್ಕರೆಯೇ. ಸಂಜೆ ನಡೆಯುವಾಗ ಜೊತೆಗೆ ಯಾರಾದರೂ ಹೋಗಿ, ಕುಕ್ಕರಹಳ್ಳಿ ಕೆರೆ ಏರಿಯಾದರೂ ಸರಿ, ನಾಲೆ ಏರಿಯಾದರೂ ಸರಿ. ಇಷ್ಟಾದರೂ ತೂಕ ನಿಲ್ಲದಿದ್ದರೆ ಮಾತ್ರೆ ಬದಲಿಸಬಹುದಾ, ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಸೇರಿಸಬಹುದಾ ಅಂತ ಡಾಕ್ಟರನ್ನು ಕೇಳಿ.

ಯಾರೂ ಕೇಳದ, ಯಾರೂ ಹೇಳದ ತೊಂದರೆಗಳು

ರಿಸ್ಪೆರಿಡೋನ್, ಅಮಿಸಲ್‌ಪ್ರೈಡ್ ದೇಹದಲ್ಲಿ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನನ್ನು ಏರಿಸಬಹುದು. ಆಗ ಹೆಂಗಸರಿಗೆ ಮುಟ್ಟು ತಪ್ಪುತ್ತದೆ, ಮಗುವಿಲ್ಲದಿದ್ದರೂ ಎದೆಹಾಲು ಬರುತ್ತದೆ. ಮದುವೆಯಾಗದ ಹುಡುಗಿಗೆ ಹೀಗಾದರೆ ಮನೆಯಲ್ಲಿ ಏನೇನು ಮಾತು ಹುಟ್ಟುತ್ತದೆ ಅಂತ ನಿಮಗೇ ಗೊತ್ತು. ಆ ಹುಡುಗಿಯ ಮೇಲೆ ಅನುಮಾನಪಡುವ ಮುಂಚೆ ಮಾತ್ರೆ ಪಟ್ಟಿ ನೋಡಿ. ಗಂಡಸರಿಗೆ ಎದೆ ಊದಬಹುದು, ಆಸೆ ಕುಗ್ಗಬಹುದು, ಹೆಂಡತಿಯ ಜೊತೆ ಸೇರಲು ಆಗದಿರಬಹುದು. ಅವರು ಇದನ್ನು ಅಮ್ಮನ ಎದುರೋ ಅಕ್ಕನ ಎದುರೋ ಹೇಳುವುದಿಲ್ಲ. ಕಾರಣ ಹೇಳದೆಯೇ ಮಾತ್ರೆ ಬಿಟ್ಟುಬಿಡುತ್ತಾರೆ. ಹಾಗಾಗಿ ಓಪಿಡಿಯಲ್ಲಿ 'ನೀನೊಬ್ಬನೇ ಐದು ನಿಮಿಷ ಮಾತಾಡು, ನಾನು ಹೊರಗಿರ್ತೀನಿ' ಅಂತ ಎದ್ದು ಬನ್ನಿ. ಒಂದು ರಕ್ತಪರೀಕ್ಷೆಯಲ್ಲಿ ವಿಷಯ ತಿಳಿಯುತ್ತದೆ, ಬೇರೆ ಮಾತ್ರೆಗೆ ಬದಲಿಸಲೂಬಹುದು.

ಮಗು ಬೇಕು ಅಂತಿದ್ದರೆ, ಗರ್ಭಿಣಿ ಅಂತ ಗೊತ್ತಾದರೆ, ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಆದರೆ ಅದೇ ವಾರ ಡಾಕ್ಟರನ್ನು ನೋಡಿ. ಬೈಪೋಲಾರ್‌ಗೆ ಕೊಡುವ ವಾಲ್‌ಪ್ರೊಯೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡುತ್ತದೆ. ಮಗುವಾಗುವ ವಯಸ್ಸಿನ ಹೆಂಗಸರಿಗೆ ಅದನ್ನು ಬರೆದಿದ್ದರೆ ಖಂಡಿತ ಕೇಳಿ.

ವರ್ಷಗಟ್ಟಲೆ ಮಾತ್ರೆ ತೆಗೆದುಕೊಂಡವರಲ್ಲಿ ಬಾಯಿ ಅಗಿಯುವಂತೆ ಆಡುವುದು, ನಾಲಿಗೆ ಹೊರಗೆ ಬರುವುದು, ತುಟಿ ಚಪ್ಪರಿಸುವುದು ಶುರುವಾದರೆ ಬೇಗ ತೋರಿಸಿ. ತಡವಾದರೆ ಅದು ಉಳಿದುಹೋಗುವ ಸಾಧ್ಯತೆ ಇದೆ.

ಕ್ಲೋಜಪಿನ್ ಇದ್ದರೆ

ಬೇರೆ ಮಾತ್ರೆಗಳು ಕೆಲಸ ಮಾಡದಿದ್ದಾಗ ಕೊಡುವ ಔಷಧಿ ಇದು. ಎಷ್ಟೋ ಜನರನ್ನು ಮತ್ತೆ ಕೆಲಸಕ್ಕೆ, ಸಂಸಾರಕ್ಕೆ ಮರಳಿಸಿದೆ. ನಿಯಮ ಮಾತ್ರ ಕಟ್ಟುನಿಟ್ಟು. ಬಿಳಿ ರಕ್ತಕಣ ಕುಸಿಯಬಹುದಾದ್ದರಿಂದ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ, ಆಮೇಲೆ ಡಾಕ್ಟರು ಹೇಳಿದಷ್ಟು ದಿನಕ್ಕೊಮ್ಮೆ. ಜ್ವರವೋ ಗಂಟಲು ನೋವೋ ಬಂದರೆ ಅದೇ ದಿನ ಪರೀಕ್ಷೆ. ಮೊದಲ ವಾರಗಳಲ್ಲಿ ಎದೆನೋವು, ಏದುಸಿರು ಬಂದರೂ ತಡಮಾಡಬೇಡಿ. ಮಲಬದ್ಧತೆಯನ್ನು ಹಗುರವಾಗಿ ನೋಡಬೇಡಿ, ಕ್ಲೋಜಪಿನ್ ತೆಗೆದುಕೊಳ್ಳುವವರಲ್ಲಿ ಕರುಳು ಪೂರ್ತಿ ನಿಂತು ಪ್ರಾಣಕ್ಕೆ ಬಂದದ್ದುಂಟು. ಎರಡು ದಿನಕ್ಕಿಂತ ಜಾಸ್ತಿ ಮಾತ್ರೆ ತಪ್ಪಿದರೆ ಹಳೆಯ ಡೋಸನ್ನೇ ಮತ್ತೆ ಕೊಡುವಂತಿಲ್ಲ. ಡಾಕ್ಟರ ಸಲಹೆಯಂತೆ ಕಡಿಮೆ ಡೋಸಿನಿಂದ ಮೊದಲು ಮಾಡಬೇಕು.

ಬೀಡಿ, ಸಿಗರೇಟಿನ ವಿಷಯವೂ ಇಲ್ಲಿ ಬರುತ್ತದೆ. ತಂಬಾಕಿನ ಹೊಗೆ ಕ್ಲೋಜಪಿನ್, ಓಲಾಂಜಪಿನ್ ಎರಡನ್ನೂ ದೇಹದಿಂದ ಬೇಗ ಖಾಲಿ ಮಾಡುತ್ತದೆ. ದಿನಕ್ಕೊಂದು ಕಟ್ಟು ಬೀಡಿ ಸೇದುವವರು ಒಮ್ಮೆಗೇ ಬಿಟ್ಟರೆ ಅದೇ ಡೋಸ್ ಮೈಗೆ ಜಾಸ್ತಿಯಾಗುತ್ತದೆ. ಬಿಡುವುದು ಒಳ್ಳೆಯದೇ, ಡಾಕ್ಟರಿಗೆ ತಿಳಿಸಿ ಬಿಡಿ.

ಬೈಪೋಲಾರ್‌ಗೆ ಲಿಥಿಯಂ ತೆಗೆದುಕೊಳ್ಳುವವರು ಮೈಕೈ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್, ಐಬುಪ್ರೊಫೆನ್ ತಂದು ನುಂಗಬಾರದು. ವಾಂತಿ ಭೇದಿಯಾದರೆ, ಬಿಸಿಲಲ್ಲಿ ಕಬ್ಬು ಕಡಿದು ಬೆವರು ಸುರಿದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನೀರು ಜಾಸ್ತಿ ಕುಡಿಯಲಿ. ಕೈ ಜೋರಾಗಿ ನಡುಗಿದರೆ, ನಡಿಗೆ ತೂರಾಡಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಡಾಕ್ಟರ ಮುಂದಿನ ಐದು ನಿಮಿಷ

ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್, ಇವು ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಇಂಥ ಕಡೆ ಪ್ರತಿ ಸಲ ಅದೇ ಡಾಕ್ಟರು ಸಿಗುತ್ತಾರೆ ಅಂತಿಲ್ಲ. ಹೋದ ಸಲದ ಕಥೆ ನಿಮ್ಮ ನೋಟ್‌ಬುಕ್ಕಿನಲ್ಲಿರಬೇಕು. ಬೆಂಚಿನ ಮೇಲೆ ಕಾಯುವಾಗಲೇ ಮೂರು ವಿಷಯ ಆರಿಸಿಕೊಳ್ಳಿ: ಅತಿ ಹೆಚ್ಚು ಕಾಡುತ್ತಿರುವುದು ಯಾವುದು, ಯಾವಾಗಿನಿಂದ, ಅದರಿಂದ ಏನು ಮಾಡಲಾಗುತ್ತಿಲ್ಲ. 'ಬೆಳಿಗ್ಗೆ ಹಾಲು ಕರೆಯಲು ಏಳಲಾಗುತ್ತಿಲ್ಲ' ಅಂದರೆ ರಾತ್ರಿಯ ಮಾತ್ರೆಯನ್ನು ಎರಡು ಗಂಟೆ ಮುಂಚೆ ಕೊಡಲು ಹೇಳಬಹುದು, ಬೆಳಗಿನ ಡೋಸನ್ನು ರಾತ್ರಿಗೆ ಸೇರಿಸಬಹುದು. ಎಷ್ಟೋ ತೊಂದರೆ ಇಷ್ಟರಲ್ಲೇ ತಗ್ಗುತ್ತದೆ.

ಮಾತ್ರೆ ತಪ್ಪಿಸಿದ್ದರೆ ಮುಚ್ಚಿಡಬೇಡಿ. ತೆಗೆದುಕೊಂಡಿದ್ದಾನೆ ಅಂತ ನಂಬಿ ಡಾಕ್ಟರು ಡೋಸ್ ಏರಿಸುತ್ತಾರೆ. ಕುಡಿತ, ಗಾಂಜಾ, ನಾಟಿ ಔಷಧಿ ಇದ್ದರೆ ಅದನ್ನೂ ಹೇಳಿ.

ಸಾರಿನಲ್ಲಿ ಬೆರೆಸಿ ಕೊಡುವುದು

'ನನಗೇನೂ ಆಗಿಲ್ಲ' ಅಂತ ಮಾತ್ರೆ ಒಲ್ಲೆ ಅನ್ನುವವರಿಗೆ ಪುಡಿ ಮಾಡಿ ಸಾರಿಗೋ ಕಾಫಿಗೋ ಹಾಕುವ ಮನೆಗಳನ್ನು ನಾನು ನೋಡಿದ್ದೇನೆ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಬೇಡ ಅನ್ನುತ್ತೇನೆ. ಊಟದಲ್ಲಿ ಏನೋ ಬೆರೆಸುತ್ತಿದ್ದಾರೆ ಅನ್ನುವ ಅನುಮಾನವೇ ಕಾಯಿಲೆಯಾಗಿರುವವರಿಗೆ ನಿಜವಾಗಿಯೂ ಬೆರೆಸಿದ್ದು ಒಂದು ದಿನ ಗೊತ್ತಾಗುತ್ತದೆ. ಆಮೇಲೆ ನಿಮ್ಮ ಕೈ ಅನ್ನವನ್ನೇ ಮುಟ್ಟುವುದಿಲ್ಲ. ಜೊತೆಗೆ, ಮಾತ್ರೆ ತಿನ್ನುತ್ತಿದ್ದೇನೆ ಅಂತಲೇ ಗೊತ್ತಿಲ್ಲದವರು ಅಡ್ಡಪರಿಣಾಮವನ್ನು ಗುರುತಿಸುವುದು ಹೇಗೆ?

ಕಾಯಿಲೆಯ ಹೆಸರು ಹಿಡಿದು ವಾದ ಮಾಡಬೇಡಿ. ಅವರಿಗೇ ಬೇಕಾಗಿರುವುದನ್ನು ಹಿಡಿಯಿರಿ: ನಿದ್ದೆ, ತಲೆಯೊಳಗಿನ ಗದ್ದಲ ತಗ್ಗುವುದು, ಮತ್ತೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವುದು. ದಿನಾ ಮಾತ್ರೆ ಬೇಸರ ಅನ್ನುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್‌ಗಳಿವೆ, ಫ್ಲುಫೆನಜಿನ್, ಹ್ಯಾಲೊಪೆರಿಡಾಲ್ ಇಂಥವು. ಅವರ ಒಪ್ಪಿಗೆ ಕೇಳಿಯೇ ಹಾಕಿಸಿ.

'ಈಗ ಚೆನ್ನಾಗಿದ್ದಾನಲ್ಲ, ಬಿಡೋಣ'

ಮಾತ್ರೆ ಬಿಟ್ಟ ಮೊದಲ ವಾರಗಳಲ್ಲಿ ತುಂಬಾ ಜನ ಚೆನ್ನಾಗೇ ಇರುತ್ತಾರೆ. ಮಂಕು ಹೋಗಿರುತ್ತದೆ, ಮುಖದಲ್ಲಿ ಕಳೆ ಬಂದಿರುತ್ತದೆ. 'ನೋಡಿದ್ರಾ, ಬಿಟ್ಟಿದ್ದೇ ಒಳ್ಳೇದಾಯ್ತು' ಅನ್ನುತ್ತಾರೆ ನೆಂಟರು. ಕಾಯಿಲೆ ಮರಳುವುದು ಎಷ್ಟೋ ಸಲ ತಿಂಗಳುಗಳಾದ ಮೇಲೆ. ಅಷ್ಟೊತ್ತಿಗೆ ಮಾತ್ರೆ ಬಿಟ್ಟದ್ದಕ್ಕೂ ಇದಕ್ಕೂ ಸಂಬಂಧವಿದೆ ಅಂತ ಯಾರಿಗೂ ಹೊಳೆಯುವುದಿಲ್ಲ.

ಮೊದಲ ಸಲ ಬಂದ ಕಾಯಿಲೆಗೂ ಸಾಮಾನ್ಯವಾಗಿ ಒಂದೆರಡು ವರ್ಷ ಮಾತ್ರೆ ಬೇಕು. ಮತ್ತೆ ಮತ್ತೆ ಬಂದಿದ್ದರೆ ಇನ್ನೂ ಜಾಸ್ತಿ. ಕಡಿಮೆ ಮಾಡಬೇಕು ಅನ್ನುವ ಆಸೆ ತಪ್ಪಲ್ಲ, ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಆ ಕಾಲದಲ್ಲಿ ನೋಟ್‌ಬುಕ್ಕಿನ ನಿದ್ದೆಯ ಸಾಲನ್ನು ದಿನಾ ನೋಡಿ. ಸತತ ಎರಡು ಮೂರು ರಾತ್ರಿ ನಿದ್ದೆ ಕೆಟ್ಟರೆ, ಒಬ್ಬರೇ ಮಾತಾಡಿಕೊಳ್ಳುವುದು, ಬಾಗಿಲು ಹಾಕಿಕೊಳ್ಳುವುದು ಶುರುವಾದರೆ ಮುಂದಿನ ತಾರೀಕಿಗೆ ಕಾಯದೆ ಹೋಗಿ. ಒಂದು ಹೊತ್ತು ಮಾತ್ರೆ ಮರೆತರೆ ಮಾರನೆಯ ಹೊತ್ತಿಗೆ ಎರಡು ಕೊಡಬೇಡಿ, ಮಾಮೂಲಿ ಡೋಸ್ ಕೊಡಿ.

ಮಾತ್ರೆ ಖಾಲಿಯಾಗದಂತೆ

ದುಡ್ಡಿಲ್ಲದೆ ಮಾತ್ರೆ ನಿಲ್ಲಬೇಕಾಗಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾತ್ರೆಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು. ಚಿಕಿತ್ಸೆಯ ದಾಖಲೆಗಳನ್ನು ಕೇಳಿ ಪಡೆಯುವ ಹಕ್ಕನ್ನೂ ಅದೇ ಕಾಯ್ದೆ ಕೊಡುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರದ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ. ನಾಗಮಂಗಲವೋ ನಂಜನಗೂಡೋ, ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಅಲ್ಲೇ ವಿಚಾರಿಸಿ. ಹೊರಗೆ ಕೊಳ್ಳುವುದಾದರೆ ಜನೌಷಧಿ ಅಂಗಡಿಯಲ್ಲಿ ಅದೇ ಔಷಧಿ ತುಂಬಾ ಕಡಿಮೆ ಬೆಲೆಗೆ ಸಿಗುತ್ತದೆ. ಅಲ್ಲಿ ಔಷಧಿಯ ಹೆಸರು ಹೇಳಿ ಕೇಳಬೇಕು.

ರಾತ್ರಿ ಹೊತ್ತು ಏನು ಮಾಡಬೇಕು ಅಂತ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಸರ್ಕಾರದ ಟೆಲಿಮಾನಸ್ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಕೊನೆಯ ಪಟ್ಟಿ ಒಡೆದ ದಿನವೇ ಹೊಸದು ತನ್ನಿ. ಜಾತ್ರೆಗೋ ಮದುವೆಗೋ ಹೊರಟಾಗ ಎರಡು ದಿನದ ಮಾತ್ರೆ ಜಾಸ್ತಿ ಇಟ್ಟುಕೊಳ್ಳಿ. ಚೀಟಿಯ ಫೋಟೋ ಮನೆಯ ಇಬ್ಬರ ಫೋನಿನಲ್ಲಾದರೂ ಇರಲಿ, ಒಬ್ಬರು ಊರಲ್ಲಿಲ್ಲದಾಗ ಇನ್ನೊಬ್ಬರು ಮೆಡಿಕಲ್ ಸ್ಟೋರಿನಲ್ಲಿ ತೋರಿಸಬಹುದು.